ಬಾಡಿಗೆ ಮನೆಗೆ ಹಲಸಿನ ಸಸಿ

ನರ್ಸರಿಯ ಗಲ್ಲಾದ ಮುಂದೆ ಗುಲಾಬಿ ಕುಂಡ ಹಿಡಿದು ನಿಂತಿದ್ದ ದರ್ಜಿಗೆ, ಮುಂದಿದ್ದ ಗಂಡ ಹೆಂಡತಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಗಂಡನ ಕೈಯಲ್ಲಿ ಸೇವಂತಿಗೆ, ಹೆಂಡತಿಯ ಕೈಯಲ್ಲಿ ಹಲಸಿನ ಸಸಿ.

“ಬಾಡಿಗೆ ಮನೆಗೆ ಹಲಸಿನ ಮರ ಯಾಕೆ? ಸೇವಂತಿಗೆ ಆದ್ರೆ ವರ್ಷಾವರ್ಷ ಹೂ ಬಿಡುತ್ತೆ. ಮನೆ ಬಿಡುವಾಗ ಕಿತ್ತು ಬಕೆಟ್ಟಿಗೆ ಹಾಕ್ಕೊಂಡ್ರಾಯ್ತು.”

“ಅದಕ್ಕೇ ಬೇಡ ಅಂದಿದ್ದು. ನಾಲ್ಕು ಮನೆಯಿಂದ ಆ ಬಕೆಟ್ ಹೊತ್ತವಳು ನಾನು.”

“ಓನರುಗಳೆಲ್ಲ ತಲೆಹರಟೆಗಳಾದ್ರೆ ನಾನೇನು ಮಾಡ್ಲಿ?”

“ನಾಲ್ಕು ಜನಾನೂ ತಲೆಹರಟೆ, ನೀವೊಬ್ರೇ ಸಾಧು! ಈ ಸಲದ ಓನರಮ್ಮ ಹಿತ್ತಲಲ್ಲಿ ಏನು ಬೇಕಾದ್ರೂ ನೆಟ್ಕೊಳ್ಳಿ ಅಂದಿದ್ದಾರೆ. ಹಲಸು ನೆಡ್ತೀನಿ. ಹಣ್ಣಿನ ಆಸೆಗಾದ್ರೂ ಅದು ಬಿಡೋವರೆಗೆ ನೀವು ಓನರ್ ಹತ್ರ ಜಗಳ ಆಡದೆ ಬಾಯಿಗೆ ಬೀಗ ಹಾಕ್ಕೊಂಡಿರ್ತೀರಿ.”

ಹಲಸು ಅಂದರೆ ಗಂಡನಿಗೆ ಪ್ರಾಣ ಅನ್ನುವುದನ್ನು ಅವನ ಮುಖವೇ ಹೇಳಿತು.

“ಎಷ್ಟು ವರ್ಷಕ್ಕೆ ಹಣ್ಣಪ್ಪಾ?” ಅಂತ ಗಲ್ಲಾದವನನ್ನು ಕೇಳಿದ.

“ಕಸಿ ಗಿಡ ಸಾರ್, ಮೂರೇ ವರ್ಷ!”

ಹೆಂಡತಿ ಸಸಿಯನ್ನು ಪಟ್ಟನೆ ಕೆಳಗಿಟ್ಟಳು. “ಅಷ್ಟು ಬೇಗ ಬೇಡಪ್ಪಾ. ಬೀಜದ್ದು ಕೊಡು, ಎಂಟು ಹತ್ತು ವರ್ಷ ಹಿಡೀಲಿ.”

ಬೇರೆ ಸಸಿ ಬಂತು. ಗಂಡ ಸೇವಂತಿಗೆಯನ್ನು ಗಲ್ಲಾದ ಮೇಲಿಟ್ಟು ಅದನ್ನು ಎತ್ತಿಕೊಂಡನೋ ಇಲ್ಲವೋ, ಸಸಿಯ ಚೀಲದ ತಳ ಹರಿದು ಅಂಗಿಯ ತುಂಬ ಕೆಸರು. ಮೂಗು ಕೆಂಪಾಯಿತು. ಗಲ್ಲಾದವನ ಕಡೆ ತಿರುಗಿ ಬಾಯಿ ತೆರೆದ.

“ರೀ,” ಅಂದಳು ಹೆಂಡತಿ, ಸಸಿಯ ಎಲೆ ಮುಟ್ಟಿ.

ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಕೆಸರಂಗಿಯಲ್ಲೇ ಸಸಿಯನ್ನು ಕೂಸಿನಂತೆ ಎದೆಗವಚಿಕೊಂಡು ಅವನು ಹೊರಟ. ಸೇವಂತಿಗೆ ಗಲ್ಲಾದ ಮೇಲೆಯೇ ಉಳಿಯಿತು.