ತಳ ಕಾಣುವ ನೀರು

...ಇಲ್ಲ, ಅದಲ್ಲ. ಕೊಡಪಾನವೂ ಅಲ್ಲ, ಕಪ್ಪೆಯೂ ಅಲ್ಲ. ಒಗಟು ಇನ್ನೊಮ್ಮೆ ಹೇಳ್ತೇನೆ, ಸರಿಯಾಗಿ ಕೇಳು ಆದಂ ಕುಂಞಿ. ಬಾವಿಗೆ ಇಳಿಯುದು, ತಳದ ಕೆಸರು ತರುದು, ಆದರೆ ನೆತ್ತಿ ಮಾತ್ರ ಒದ್ದೆ ಆಗುದಿಲ್ಲ. ಎಂತ ಅದು? ...ಹಗ್ಗವಾ? ಥೂ! ಹಗ್ಗಕ್ಕೆ ನೆತ್ತಿ ಉಂಟಾ ಮಾರಾಯ? ಸೋತೆ ಅಂತ ಹೇಳು. ಹೇಳುದಿಲ್ವಾ? ಹಾಗಾದರೆ ಉತ್ತರ ನನ್ನ ಹತ್ತಿರವೇ ಇರಲಿ.

ಕೂರು, ಕೂರು. ದೇವಮ್ಮಕ್ಕ ಬರುವವರೆಗೆ ಈ ಬಾವಿಕಟ್ಟೆಯಲ್ಲೇ ಕೂರುವ. ಕೊಡಪಾನ ತೆಗೆದುಕೊಟ್ಟದ್ದಕ್ಕೆ ಹಲಸಿನ ಹಪ್ಪಳ ಕರೀತಾರಂತೆ. ಹಪ್ಪಳ! ಬೆಳ್ಳಾರೆಯಿಂದ ಅರಂತೋಡಿನವರೆಗೆ ಯಾರ ಬಾವಿಗೆ ಕೊಡಪಾನ ಬಿದ್ದರೂ "ಮುಳುಗು ಜತ್ತಪ್ಪನನ್ನು ಕರೀರಿ" ಅಂತಾರೆ. ನೂರು ಎಣಿಸುವವರೆಗೆ ಉಸಿರು ಕಟ್ಟಿ ತಳದಲ್ಲಿ ಕೂರುವವನಿಗೆ ನಾಲ್ಕು ಹಪ್ಪಳ! ನೀನೂ ಎಣಿಸಿದೆ ಅಲ್ವಾ ಈಗ? ಬೆನ್ನು ಹಾಕಿಯೇ ಎಣಿಸಿದ್ದಲ್ವಾ? ...ಹಾಂ. ಇಣುಕಬಾರದು. ಇಣುಕಿದವರ ನೆರಳು ನೀರಿಗೆ ಬಿದ್ದರೆ ಮುಳುಗಿದವನ ಉಸಿರು ಒಡೀತದೆ. ಈಗ ಊರಿಗೆ ಊರೇ ಪಾಲಿಸ್ತದೆ. ನನ್ನನ್ನು ಆರನೇ ಕ್ಲಾಸಿನಲ್ಲಿ ಎರಡು ಸಲ ಫೇಲು ಮಾಡಿದ ಮೇದಪ್ಪ ಮಾಸ್ಟ್ರು, ಅವರು ಸಹ ಬಾವಿಗೆ ಬೆನ್ನು ಹಾಕಿ, ಹಟ್ಟಿಯ ಗೋಡೆ ನೋಡಿಕೊಂಡು ನೂರು ಎಣಿಸಿದರು! ಯಾಕೆ ನಗುದು? ನಗಬೇಡ. ಎಪ್ಪತ್ತರ ಮೇಲೆ ಲೆಕ್ಕ ತಪ್ಪಿದ್ದು ಅವರು, ನಾನಲ್ಲ.

ಎಂತ ಮತ್ತೆ ಮತ್ತೆ ರಸ್ತೆ ನೋಡುದು? ಬಂದರದ ದಾರಿಯ ಪುತ್ತೂರು ಬಸ್ಸಾ? ಬರಲಿಕ್ಕೆ ಇನ್ನೂ ಹೊತ್ತುಂಟು. ಬಂದರೂ ನಿನಗೆಂತ? ಮಂಜಿ ಹಡಗಿನಲ್ಲಿ ದ್ವೀಪಕ್ಕೆ ಹೋಗುವ ನಿನ್ನ ಮಾಮ ಬಾವಾಕ ಬರಬೇಡ ಅಂತ ಬರೆದಾಯ್ತಲ್ಲ. ಮೊನ್ನೆ ನಿನ್ನ ಉಮ್ಮ ಪಾತುಮ್ಮನ ಎದುರಿಗೇ ನಾನು ಓದಿ ಹೇಳಲಿಲ್ವಾ? "ಮಂಜಿಯಲ್ಲಿ ಈ ವರ್ಷ ಜಾಗ ಇಲ್ಲ, ಮುಂದಿನ ವರ್ಷ ನೋಡುವ." ಮುಗೀತು. ನಿನ್ನದು ಮದರಸದ ಓದು, ಕನ್ನಡ ಅಕ್ಷರ ಬಾರದು. ಅದೂ ಆ ಕಾಗದ ಬಂದರದ ಅಕ್ಕಿ ಮಂಡಿಯ ಗುಮಾಸ್ತ ಬರೆದದ್ದು, ಕೋಳಿ ಕೆದಕಿದ ಹಾಗೆ. ನಾನಾದ ಕಾರಣ ಓದಿದೆ.

ಮತ್ತೆ ಎಂತ ಉಂಟು ಆ ಅಮಿನಿ ದ್ವೀಪದಲ್ಲಿ, ಹೀಗೆ ಬಾಯಿ ಬಿಡ್ಲಿಕ್ಕೆ? ಬೆಳ್ಳಾರೆಯೂ ದಕ್ಷಿಣ ಕನ್ನಡ ಜಿಲ್ಲೆ, ಅದೂ ದಕ್ಷಿಣ ಕನ್ನಡ ಜಿಲ್ಲೆ. ಕಲೆಕ್ಟ್ರು ಒಬ್ಬರೇ! ಇಲ್ಲಿಂದ ಮಂಜಿಗೆ ಹಾಯಿ ಕಟ್ಟಿ ಅಕ್ಕಿ ಕಳಿಸುದು, ಅಲ್ಲಿಂದ ತೆಂಗಿನ ನಾರಿನ ಹುರಿ ಬರುದು. ಒಂದು ಮುಷ್ಟಿ ಅಕ್ಕಿ ಬೆಳೆಯದ್ದು ಒಂದು ಊರಾ? ಈ ಬಾವಿಹಗ್ಗ ಅಲ್ಲಿಯ ಹುರಿಯೇ. ದ್ವೀಪ ನೋಡ್ಬೇಕಾದರೆ ಇದನ್ನು ಮುಟ್ಟಿ ನೋಡು, ಸಾಕು.

ಹವಳದ ಕಾಡಂತೆ! ನೀರಿನ ಅಡಿಯಲ್ಲಿ ಕೆಂಪು, ಹಳದಿ, ನೇರಳೆ... ಒಂದು ಎಲೆ ಇಲ್ಲ, ಬರೀ ಕೊಂಬೆ. ಎಲೆ ಉದುರಿದ ಮರ ನೋಡ್ಲಿಕ್ಕೆ ಸಮುದ್ರ ದಾಟಬೇಕಾ? ದೇವಮ್ಮಕ್ಕನ ನೆಲ್ಲಿಮರ ನೋಡು, ಅಗೋ. ಮೀನಿಗೆ ಪಟ್ಟೆಯಂತೆ, ಗಿಳಿಯ ಹಾಗೆ ಕೊಕ್ಕಂತೆ. ಬಂಗುಡೆಗೆ ಕೊಕ್ಕುಂಟಾ? ಕೊಕ್ಕಿಲ್ಲದೆ ರುಚಿ ಕಡಿಮೆಯಾಯ್ತಾ? ಆಮೆ ಪಕ್ಕದಲ್ಲೇ ಈಜ್ತದಂತೆ, ಕೈ ಚಾಚಿ ಮುಟ್ಟಬಹುದಂತೆ. ಮುಟ್ಟಿ? ಮದ್ರಾಸಿನಿಂದ ಒಬ್ಬ ದೊರೆ ಬಂದವ ಕಣ್ಣಿಗೆ ಗಾಜು ಕಟ್ಟಿ, ಬೆಳಿಗ್ಗೆಯಿಂದ ಸಂಜೆವರೆಗೆ ಕವುಚಿ ಬಿದ್ದು ನೀರಿನೊಳಗೆ ನೋಡಿದ್ದೇ ನೋಡಿದ್ದಂತೆ. ಊಟಕ್ಕೆ ಕರೆದರೂ ಏಳಲಿಲ್ಲಂತೆ. ಮರುಳು! ಬೆನ್ನಿನ ಚರ್ಮ ಹಪ್ಪಳದ ಹಾಗೆ ಎದ್ದಿರಬೇಕು.

ಮತ್ತೆ ಆ ನೀರು... ಅಬ್ಬಾ, ಕಾಗದದಲ್ಲಿ ಅದನ್ನೆಷ್ಟು ಹೊಗಳಿದ್ದಾರೆ ಬಾವಾಕ! ಐದಾಳು ಆಳದಲ್ಲೂ ಕವಡೆ ಎಣಿಸಬಹುದಂತೆ. ಮುಳುಗಿದ ಹುಡುಗ ಕಾಲು ಬಡಿಯುದು, ಗುಳ್ಳೆ ಬಿಡುದು, ಲಂಗರು ಬಿಡಿಸುದು, ಎಲ್ಲ ಮೇಲೆ ನಿಂತವರಿಗೆ ಕಾಣ್ತದಂತೆ. ಎಲ್ಲ! ಥೂ, ಮಾನ ಇಲ್ಲದ ನೀರು. ನೀರೆಂದರೆ ನಮ್ಮ ಬಾವಿಯ ನೀರಿನ ಹಾಗೆ ಇರಬೇಕು. ಕಪ್ಪಗೆ, ಗಂಭೀರ. ಒಳಗೆ ಎಂತ ನಡೀತು ಅಂತ ಒಬ್ಬನಿಗೂ ಹೇಳಬಾರದು.

...ಎಂತ? ಯಾವ ಹುಡುಗ? ನಾನು ಲಂಗರು ಅಂದೆನಾ? ಮೊನ್ನೆ ಅದನ್ನು ಓದಲಿಲ್ವಾ? ಓದಿರಬೇಕು. ನಿನ್ನ ಉಮ್ಮ ಅಳ್ತಿದ್ದರಲ್ಲ, ನಿನಗೆ ಕೇಳ್ಲಿಲ್ಲ. ಅಷ್ಟೇ.

ಚಳಿ ಆಗ್ತದೆ. ಮೈ ಒರೆಸ್ಲಿಕ್ಕೆ ಆ ಬೈರಾಸು ಇತ್ತ ಕೊಡು. ಹಾಗೆಯೇ ಕೊಡು, ಬಿಚ್ಚಬೇಡ... ಬಿಚ್ಚಬೇಡ ಅಂದೆನಲ್ಲ ಮಾರಾಯ!

ಅದು... ಪಾತಾಳಗರಡಿ. ಬಾವಿಗೆ ಬಿದ್ದದ್ದನ್ನು ಕೊಕ್ಕೆಗೆ ಸಿಕ್ಕಿಸಿ ಎಳೆಯುದು. ನಿನಗೆ ಗೊತ್ತಿಲ್ವಾ, ನನ್ನ ಹತ್ತಿರ ಯಾಕೆ ಕೇಳುದು? ದಾರಿಯಲ್ಲಿ ಸಿಕ್ಕಿತು. ಕೆಸರು ಹಸಿ ಇದ್ದರೆ ಎಂತ, ದಾರಿಯಲ್ಲೂ ಕೆಸರುಂಟು... ಏ, ತಲೆಯಿಂದ ಕೈ ತೆಗೆ! ನನ್ನದು ಬೇಗ ಒಣಗುವ ಜಾತಿ ಕೂದಲು.

ಎಂತ ಹಾಗೆ ನೋಡುದು? ಬೈ. ಒಂದು ಬಾರಿಸು. ನಗು... ಆಗ ಬೇಡ ಅಂದೆ, ಈಗ ನಗಬಹುದು. ನಗು ಮಾರಾಯ!

ಹೌದು, ಒಗಟಿನ ಉತ್ತರ ನಾನೇ. ಬಾವಿಯ ಒಳಗೋಡೆಯಲ್ಲಿ ಎಲ್ಲಾದರೂ ಒಂದು ಮುರಕಲ್ಲು ಮುಂದೆ ಬಂದಿರ್ತದೆ. ಅದರ ಮೇಲೆ ಸೊಂಟದವರೆಗೆ ನೀರಿನಲ್ಲಿ ನಿಂತು ಕೊಕ್ಕೆ ಆಡಿಸುದು. ನೀವು ಎಪ್ಪತ್ತು ಎಣಿಸುವಾಗ ಕೊಡಪಾನ ಸಿಕ್ಕಿರ್ತದೆ. ಉಳಿದ ಮೂವತ್ತು ನಾನು ಸುಮ್ಮನೆ ನಿಂತು ನಿಮ್ಮ ಲೆಕ್ಕ ಕೇಳುದು. ಮುಳುಗುದು? ಮೂಗಿಗೆ ನೀರು ಮುಟ್ಟಿದರೆ ಸಾಕು, ನನ್ನ ಎದೆ ಡಬಡಬ ಅಂತದೆ.

ಕಿಸೆಯಿಂದ ಕಾಗದ ಯಾಕೆ ತೆಗೆಯುದು? ಒಳಗಿಡು. ಎಲ್ಲಿಗೆ ಹೊರಟೆ, ಮೇದಪ್ಪ ಮಾಸ್ಟ್ರ ಮನೆಗಾ? ಬೇಡ. ಅವರ ಹತ್ತಿರ ಓದಿಸಬೇಡ. ಕೊಡು, ನಾನೇ ಓದ್ತೇನೆ. ಈ ಸಲ ಇದ್ದದ್ದನ್ನು ಇದ್ದ ಹಾಗೆ.

"...ನಮ್ಮ ಲಂಗರು ಹವಳದ ಬಂಡೆಗೆ ಸಿಕ್ಕಿಕೊಳ್ಳುತ್ತದೆ, ಬಿಡಿಸಲು ಮುಳುಗುವ ಹುಡುಗ ಬೇಕು. ನೀನು ಹೇಳುತ್ತಿದ್ದ ಆ ಜತ್ತಪ್ಪನನ್ನು ಕರೆದುಕೊಂಡು ಬಾ. ಅವನು ಒಪ್ಪದಿದ್ದರೂ ನೀನು ತಪ್ಪದೆ ಬಾ, ಅಡಿಗೆಯವನ ಜೊತೆ ನಿನಗೆ ಕೆಲಸ ಉಂಟು. ಗುರುವಾರ ಬೆಳಿಗ್ಗೆ ಮಂಜಿ ಹೊರಡುತ್ತದೆ."

ನಾಳೆ ಗುರುವಾರ.

ಕೇಳು ಆದಂ. ನಿನ್ನ ಉಮ್ಮ "ಜತ್ತಪ್ಪ ಜೊತೆಗಿದ್ದರೆ ಮಾತ್ರ ಕಳಿಸ್ತೇನೆ" ಅಂತಿದ್ದರು, ನಿನಗೂ ಗೊತ್ತುಂಟು. ಅಲ್ಲಿಗೆ ಬಂದು ನಾನೆಂತ ಮಾಡ್ಲಿ? ಮಂಜಿಯವರಿಗೆಲ್ಲ ಬೆನ್ನು ಹಾಕಿ ನೂರು ಎಣಿಸಿ ಅಂತ ಹೇಳ್ಲಾ? ಆ ನೀರಿನಲ್ಲಿ?

ಅಗೋ, ತಿರುವಿನಲ್ಲಿ ಬಸ್ಸಿನ ಹಾರ್ನು. ಹೋಗು. ಬಟ್ಟೆಯ ಗಂಟು ತರ್ಲಿಕ್ಕೆ ಹೊತ್ತಿಲ್ಲ, ನನ್ನ ಬೈರಾಸು ತಕ್ಕೋ. ಉಮ್ಮನಿಗೆ ನಾನು ಹೇಳ್ತೇನೆ, ಬೈಗಳನ್ನೂ ನಾನೇ ತಿನ್ತೇನೆ. ಆ ಗಿಳಿಕೊಕ್ಕಿನ ಮೀನು ನಿಜವಾ ಅಂತ ನೋಡಿ ಗುಮಾಸ್ತನ ಹತ್ತಿರ ಬರೆಸು... ಉಮ್ಮನಿಗೆ ಬೇರೆಯವರ ಹತ್ತಿರ ಓದಿಸ್ತೇನೆ. ಇನ್ನೂ ಯಾಕೆ ನಿಂತದ್ದು? ನನ್ನ ಬಾಯಿಂದಲೇ ಕೇಳ್ಬೇಕಾ? ಬರಬೇಡ, ಜಾಗ ಇಲ್ಲ, ಮುಂದಿನ ವರ್ಷ ನೋಡುವ... ಬಾವಾಕ ಅದನ್ನು ಬರೆದೇ ಇಲ್ಲ. ಆ ಕೊನೆ ನಾನು ಕಟ್ಟಿದ್ದು.