ಎಡದಂಡೆ, ಬಲದಂಡೆ

ಮಾನ್ಯ ಅಧ್ಯಕ್ಷರೇ, ನಮ್ಮ ಕಾಲುವೆಯ ಏರಿಗೆ ಮೋಟಾರು ಗಾಡಿ ನುಗ್ಗದಂತೆ ಕಲ್ಲುಕಂಬ ನೆಡಿಸಿ ಪುಣ್ಯ ಕಟ್ಟಿಕೊಂಡ ಮುಖ್ಯ ಅತಿಥಿಗಳಾದ ಎಂಜಿನಿಯರ್ ಸಾಹೇಬರೇ, ಸೈಕಲ್ ಬಳಗದ ಹಿರಿಯರೇ, ಕಿರಿಯರೇ, ಅವರ ಜೊತೆ ಬಂದು ‘ಇದು ಯಾವಾಗ ಮುಗಿಯುತ್ತದೋ’ ಎಂದು ಕೂತಿರುವ ಮನೆಯವರೇ, ಸಭಿಕರೇ,

ಬಳಗದ ಈ ವಾರ್ಷಿಕೋತ್ಸವದಲ್ಲಿ ‘ಸೈಕಲ್ ಸವಾರಿಯಿಂದ ಆರೋಗ್ಯ’ ಎಂಬ ವಿಷಯದ ಮೇಲೆ ಎರಡು ಮಾತಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಸೈಕಲ್ಲಿನಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡವನನ್ನೇ ಹುಡುಕಿ ಈ ವಿಷಯ ಕೊಟ್ಟ ಕಾರ್ಯದರ್ಶಿಗಳ ಧೈರ್ಯವನ್ನು ಮೊದಲು ಮೆಚ್ಚಬೇಕು.

ನಾನು ಬಸ್ ಡ್ರೈವರ್ ಆಗಿದ್ದವನು. ಆಯುಷ್ಯವೆಲ್ಲ ಹಾರ್ನ್ ಹೊಡೆದವನು, ಹೊಡೆಸಿಕೊಂಡವನು. ನಿವೃತ್ತಿಯಾದ ಮೇಲೂ ಊಟಕ್ಕೆ ಕೂತರೆ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. “ಬ್ರೇಕ್ ಯಾಕೆ ಹಾಕ್ತೀರಿ, ತಟ್ಟೆ ಎಲ್ಲಿಗೂ ಓಡಲ್ಲ” ಎಂದು ನನ್ನವಳು ನಗುತ್ತಿದ್ದಳು. ಕೊನೆಗೆ ಅವಳೇ, “ಮನೇಲಿ ಕೂತು ನನ್ನ ತಲೆ ತಿನ್ನಬೇಡಿ, ಕಾಲುವೆ ಕಡೆ ಒಂದು ಸುತ್ತು ಹೋಗಿ ಬನ್ನಿ” ಎಂದು ಹಳೆಯ ಸೈಕಲ್ಲಿನ ಧೂಳು ಒರೆಸಿ ಕೊಟ್ಟಳು.

ಹೋದೆ. ಅಲ್ಲಿ ಏನಿದೆ? ಏನೂ ಇಲ್ಲ! ಸಭಿಕರೇ, ಆ ‘ಏನೂ ಇಲ್ಲ’ ಎಂಬುದರ ಸುಖ ನಿಮಗೆ ಗೊತ್ತೇ ಇದೆ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ನಡುವೆ ನಮ್ಮ ಚೈನಿನ ಕಿರ್ರೆನ್ನುವ ಸದ್ದು. ಹಿಂದೆ ಯಾರೂ ಬರುತ್ತಿಲ್ಲ ಎಂಬುದನ್ನು ಕನ್ನಡಿ ನೋಡದೆ ನಂಬಲು ನನಗೆ ಒಂದು ತಿಂಗಳೇ ಬೇಕಾಯಿತು.

ನಾನು ಹೋಗುತ್ತಿದ್ದುದು ಎಡದಂಡೆ. ಒಂದು ಬೆಳಿಗ್ಗೆ ಬಲದಂಡೆಯ ಮೇಲೂ ಒಂದು ಸೈಕಲ್ ಬಂತು. ಬೆನ್ನು ಬಾಗಿಸಿ, ಹೊಲಿಗೆ ಯಂತ್ರ ತುಳಿಯುವವನಂತೆ ಪೆಡಲ್ ತುಳಿಯುವ ಆ ರೀತಿ ನೋಡಿದ ಕೂಡಲೇ ಗುರುತು ಸಿಕ್ಕಿತು. ನನ್ನ ತಮ್ಮ, ಟೈಲರ್. ಮನೆಯಲ್ಲಿ ಅವನನ್ನು ಕರೆಯುತ್ತಿದ್ದುದು ಗುಂಡ ಎಂದು. ಆ ಹೊತ್ತಿಗೆ ನಮ್ಮಿಬ್ಬರ ನಡುವೆ ಮಾತು ನಿಂತು ಎಂಟೊಂಬತ್ತು ವರ್ಷ ಕಳೆದಿತ್ತು.

ಇದು ಆರೋಗ್ಯದ ವಿಷಯ ಅಲ್ಲ ಎನ್ನಬೇಡಿ, ಅಧ್ಯಕ್ಷರೇ. ಆಸ್ಪತ್ರೆಯಿಂದಲೇ ಶುರುವಾದದ್ದು. ಅಮ್ಮನಿಗೆ ಆಪರೇಷನ್ ಮಾಡಿದರೂ ಭರವಸೆ ಕೊಡಲಾಗದು, ಮಾಡದಿದ್ದರೂ ಕೊಡಲಾಗದು ಎಂದರು ಡಾಕ್ಟರು. ಮಾಡಿಸೋಣ ಎಂದು ತಮ್ಮ ಹಟ ಹಿಡಿದ. ಅಮ್ಮ ನನ್ನ ಕೈ ಹಿಡಿದುಕೊಂಡು, “ಕೊಯ್ಯಿಸಬೇಡ ಕಣೋ. ನನ್ನನ್ನ ಮನೆಗೆ ಕರಕೊಂಡು ಹೋಗು” ಎಂದಳು. ಕರೆದುಕೊಂಡು ಹೋದೆ. ತಿಂಗಳು ತುಂಬುವ ಮೊದಲೇ ಹೋಗಿಬಿಟ್ಟಳು. ಬಂಧುಗಳೆಲ್ಲ ಕೂಡಿದ್ದ ಪಡಸಾಲೆಯಲ್ಲಿ ನನ್ನ ತಮ್ಮ ಎದ್ದು ನಿಂತು, “ಅಮ್ಮನ್ನ ನೀನೇ ಕೊಂದೆ” ಎಂದುಬಿಟ್ಟ.

ಅದಕ್ಕೆ ನನ್ನಲ್ಲಿ ಉತ್ತರವಿತ್ತು. ಆದರೆ ಆ ಮಾತು ಆಡಬಲ್ಲವನಿಗೆ ಉತ್ತರ ಯಾಕೆ ಕೊಡಬೇಕು? ನೀವೇ ಹೇಳಿ, ಯಾಕೆ ಕೊಡಬೇಕು? ಕೊಡಲಿಲ್ಲ.

ಹಾಗಾಗಿ ಕಾಲುವೆಯ ಮೇಲೆ ನಾನು ಆಚೆ ದಂಡೆಯನ್ನು ನೋಡುತ್ತಲೇ ಇರಲಿಲ್ಲ. ಅವನು ನನಗಿಂತ ತುಸು ಮುಂದಾದರೆ ನನ್ನ ಕಾಲು ತಾನೇ ಚುರುಕಾಗುತ್ತಿತ್ತು, ಅಷ್ಟೇ. ಅವನು ನಿಂತು ನೀರು ಕುಡಿದರೆ ನನಗೂ ಬಾಯಾರುತ್ತಿತ್ತು. ಅವನು ಬರುವುದು ತಡವಾದ ದಿನ ನನ್ನ ಚಕ್ರದ ಗಾಳಿಯನ್ನು ಮತ್ತೆ ಮತ್ತೆ ಒತ್ತಿ ನೋಡುವ ಕೆಲಸವಿರುತ್ತಿತ್ತು. ಮಳೆಗಾಲ ಕಳೆಯುವ ಹೊತ್ತಿಗೆ ಅವನು ಸೊರಗಿದ್ದ, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನೋಡದವನಿಗೆ ಇದೆಲ್ಲ ಹೇಗೆ ತಿಳಿಯಿತು ಎಂದು ಮಾತ್ರ ಕೇಳಬೇಡಿ.

ಒಂದು ದಿನ ಅವನು ಆಚೆ ಕಡೆ ಕಾಲೂರಿ ನಿಂತು, ಹ್ಯಾಂಡಲ್ಲಿನ ಮೇಲೆ ಬಗ್ಗಿ ಕೆಮ್ಮುತ್ತಿದ್ದ. ಕೆಮ್ಮು ನಿಲ್ಲಲಿಲ್ಲ. ನನ್ನ ಕತ್ತು ಆ ಕಡೆ ತಿರುಗಿತು, ಮುಂದಿನ ಚಕ್ರ ಏರಿಯ ಅಂಚು ಬಿಟ್ಟಿತು. ನಾನೂ ಸೈಕಲ್ಲೂ ಒಟ್ಟಿಗೇ ನೀರಿನ ಅಂಚಿನವರೆಗೆ ಜಾರಿದೆವು. ಭುಜದಲ್ಲಿ ಏನೋ ಲಟಕ್ಕೆಂದಿತು. ಕಾಲು ಸೈಕಲ್ಲಿನ ಅಡಿ ಸಿಕ್ಕಿಕೊಂಡು ಏಳಲಾಗಲಿಲ್ಲ.

ಆಚೆ ದಂಡೆಯಿಂದ “ಅಣ್ಣಾ!” ಎಂಬ ಕೂಗು ಕೇಳಿತು. ನೋಡಿದರೆ ಅವನು ಸೈಕಲ್ ಬಿಸಾಡಿ, ಚಪ್ಪಲಿ ಸಮೇತ ನೀರಿಗಿಳಿಯುತ್ತಿದ್ದಾನೆ. ಕಾಲುವೆ ತುಂಬಿ ಹರಿಯುತ್ತಿದೆ. ನನ್ನ ತಮ್ಮನಿಗೆ ಈಜು ಬಾರದು, ಸಭಿಕರೇ. ಯಾವತ್ತೂ ಬರುತ್ತಿರಲಿಲ್ಲ. ಸೊಂಟದವರೆಗೆ ಬಂದ, ಎದೆಯವರೆಗೆ ಬಂದ.

“ಗುಂಡಾ, ಬೇಡ ಕಣೋ! ಆಳ ಇದೆ! ಸೇತುವೆ ಮೇಲಿಂದ ಬಾರೋ!”

ಅಷ್ಟು ವರ್ಷಗಳ ಮೇಲೆ ನಾನು ಅವನೊಡನೆ ಆಡಿದ ಮೊದಲ ಮಾತು ಇದು.

“ಅಲ್ಲೇ ಇರು! ಎಲ್ಲೂ ಹೋಗಬೇಡ!” ಎಂದು ಕೂಗಿ ಅವನು ಹಿಂದಕ್ಕೆ ಹತ್ತಿದ. ನಾನು ಎಲ್ಲಿಗೆ ಹೋಗಲಿ ಹೇಳಿ!

ಸೇತುವೆ ಎಷ್ಟು ದೂರ ಎಂಬುದು ನಿಮಗೆಲ್ಲ ಗೊತ್ತು. ಅವನು ಚುಕ್ಕಿಯಷ್ಟಾಗಿ ಮರಗಳ ಹಿಂದೆ ಮರೆಯಾದ. ಮಲಗಿದ್ದಲ್ಲೇ ಆಕಾಶ ನೋಡುತ್ತಾ, ಕೆಮ್ಮುವ ಮನುಷ್ಯ ಅಷ್ಟು ದೂರ ತುಳಿಯಬಲ್ಲನೇ ಎಂದು ಹೆದರುತ್ತಿದ್ದೆ. ಭುಜದ ನೋವು ನೆನಪಿಗೇ ಬರಲಿಲ್ಲ. ಆಮೇಲೆ, ಅವನು ಕಾಣುವುದಕ್ಕೂ ಮೊದಲು, ಅವನ ಚೈನಿನ ಸದ್ದು ಕೇಳಿತು. ಎಂಜಿನಿಯರ್ ಸಾಹೇಬರೇ, ಲಾರಿ ಓಡಾಡುವ ರಸ್ತೆಯಾಗಿದ್ದರೆ ಆ ಸದ್ದು ನನಗೆ ಕೇಳುತ್ತಿತ್ತೇ?

ಬಂದವನೇ ಬೈದ. “ಕಣ್ಣು ಎಲ್ಲಿಟ್ಟುಕೊಂಡು ಬರ್ತಿದ್ದೆ? ಅಷ್ಟು ವರ್ಷ ಬಸ್ ಓಡಿಸಿದೋನು!”

“ನಿನ್ನ ಮೇಲೇ ಇಟ್ಟಿದ್ದೆ ಕಣೋ.”

ಅವನು ಸೈಕಲ್ ಎತ್ತಿ ನನ್ನ ಕಾಲು ಬಿಡಿಸಿದ. ಅಂಗಿ ಬಿಚ್ಚಿ, ಹಿಂಡಿ, ನನ್ನ ತೋಳನ್ನು ಕತ್ತಿಗೆ ಜೋಲಿ ಕಟ್ಟಿದ. ಕ್ಯಾರಿಯರ್ ಮೇಲೆ ಕೂರಿಸಿಕೊಂಡು ದವಾಖಾನೆಯ ದಾರಿ ಹಿಡಿದ. ಅವನ ಒದ್ದೆ ಬೆನ್ನು ನನ್ನ ಮುಖದ ಮುಂದೆಯೇ ಇತ್ತು. ಆ ಬೆನ್ನಿಗೇ ಹೇಳಿದೆ: “ಗುಂಡಾ, ಆಪರೇಷನ್ ಬೇಡ ಅಂತ ಅಮ್ಮನೇ ಹೇಳಿದ್ದು ಕಣೋ.”

ಅವನು ಹಿಂದೆ ತಿರುಗದೆ, ತುಳಿಯುತ್ತಲೇ ಹೇಳಿದ:

“ಗೊತ್ತು ಅಣ್ಣ. ನನಗೂ ಹೇಳಿದ್ಲು. ನಿನಗಿಂತ ಮೊದಲು ನನಗೇ ಹೇಳಿದ್ಲು. ಹೂಂ ಅನ್ನೋಕೆ ನನ್ನ ಕೈಲಿ ಆಗಲಿಲ್ಲ. ನೀನು ಹೂಂ ಅಂದೆಯಲ್ಲ, ಆ ಸಿಟ್ಟು.”

ನಾನು ಚೆನ್ನಾಗಿದ್ದ ಕೈಯನ್ನು ಅವನ ಸೊಂಟಕ್ಕೆ ಸುತ್ತಿ ಹಿಡಿದುಕೊಂಡೆ. ಬೀಳಬಾರದಲ್ಲ, ಅದಕ್ಕೆ.

ಅಷ್ಟೇ, ಸಭಿಕರೇ. ಅವನ ಕೆಮ್ಮು ಬರೀ ಹತ್ತಿಯ ಧೂಳಿನದು ಎಂದರು ಡಾಕ್ಟರು, ಮದ್ದು ಕೊಟ್ಟರು, ಈಗ ವಾಸಿಯಾಗಿದೆ. ನನ್ನ ಮೂಳೆಯೂ ಕೂಡಿದೆ. ಕಾರ್ಯದರ್ಶಿಗಳೇ, ಆರೋಗ್ಯದ ವಿಷಯ ಇಲ್ಲಿಗೆ ಮುಗಿಯಿತು. ಈಗ ಇಬ್ಬರೂ ಒಂದೇ ದಂಡೆಯ ಮೇಲೆ ಹೋಗುತ್ತೇವೆ. ಯಾವ ದಂಡೆ ಎಂಬ ಜಗಳ ಮಾತ್ರ ಇನ್ನೂ ತೀರಿಲ್ಲ. ಎಡದಂಡೆಗೆ ನೆರಳು ಹೆಚ್ಚು ಎನ್ನುತ್ತೇನೆ ನಾನು, ಬಲದಂಡೆಗೆ ಗುಂಡಿ ಕಡಿಮೆ ಎನ್ನುತ್ತಾನೆ ಅವನು. ಅವನು ಇಲ್ಲೇ ಎರಡನೆಯ ಸಾಲಿನಲ್ಲಿ, ತಲೆ ತಗ್ಗಿಸಿ, ಕರ್ಚೀಫಿನಲ್ಲಿ ಕನ್ನಡಕ ಒರೆಸುತ್ತಾ ಕೂತಿದ್ದಾನೆ. ದಯವಿಟ್ಟು ಯಾರೂ ತಿರುಗಿ ನೋಡಬೇಡಿ.

ಎರಡು ಮಾತು ಎಂದವನನ್ನು ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೂ ಅತಿಥಿಗಳಿಗೂ ನಿಮಗೂ ನಾನು ಋಣಿ. ನಾಳೆ ಬೆಳಿಗ್ಗೆ ಏರಿಯ ಮೇಲೆ ಇಬ್ಬರು ಮುದುಕರು ವಾದ ಮಾಡುತ್ತಾ ನಿಧಾನಕ್ಕೆ ಹೋಗುತ್ತಿದ್ದರೆ ಗಂಟೆ ಬಾರಿಸಿ, ದಾರಿ ಬಿಡುತ್ತೇವೆ. ಎಲ್ಲರಿಗೂ ನಮಸ್ಕಾರ.