ಒಪ್ಪಿಗೆಗಾಗಿ ಕಾಯಲಾಗುತ್ತಿದೆ

ಅಯ್ಯೋ, ನನ್ನ ಮುಖ ನೋಡಬೇಡಿ ಅಮ್ಮಾ, ಫೋನ್ ನೋಡಿ! ನನ್ನ ಮುಖದ ಮೇಲೆ ಯಾವ ಬಟನ್ನೂ ಇಲ್ಲ... ಹಾಂ, ನಕ್ಕುಬಿಟ್ರಿ! ಸದ್ಯ. ಇಪ್ಪತ್ತು ನಿಮಿಷ ಆಯ್ತು, ನಿಮ್ಮ ಬಾಯಿಂದ ಒಂದು ಮಾತಿಲ್ಲ. ಇನ್ನೊಂದು ಸಲ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಪರೀಕ್ಷೆ ನಿಮಗಲ್ಲ, ಈ ಆ್ಯಪ್‌ಗೆ. ನೀವು ಒತ್ತುತ್ತಾ ಹೋಗಬೇಕು, ಮನಸ್ಸಿಗೆ ಬಂದಿದ್ದನ್ನ ಜೋರಾಗಿ ಹೇಳ್ತಾ ಹೋಗಬೇಕು. ‘ಇದೇನು ದರಿದ್ರ, ಬಟನ್ ಎಲ್ಲಿಟ್ಟಿದ್ದಾರೆ’ – ಹೀಗೆ. ನಾನು ಬಾಯಿಗೆ ಬೀಗ ಹಾಕ್ಕೊಂಡು ಬರ್ಕೋತೀನಿ. ಬಂದವರು ಮಾತಾಡಬೇಕು, ನಾನು ಸುಮ್ಮನಿರಬೇಕು, ಅದು ನಮ್ಮ ಕೆಲಸದ ಕಟ್ಟಳೆ. ಇವತ್ತು ನೋಡಿದ್ರೆ ಎಲ್ಲ ಉಲ್ಟಾ!

ಬೈಯಬೇಕು ಅನ್ನಿಸಿದ್ರೆ ಧಾರಾಳವಾಗಿ ಬೈಯಿರಿ. ಇದನ್ನ ಮಾಡಿದೋನು ನಾನಲ್ಲ. ನಾನು ಬರೀ ಕೇಳಿ ಬರ್ಕೊಳ್ಳೋನು, ನನಗೇನೂ ನೋವಾಗಲ್ಲ.

ಏನದು? ಆ ಕನ್ನಡೀನಾ? ನೀವು ಕಂಡುಹಿಡಿದುಬಿಟ್ರಿ ಬಿಡಿ. ಹೌದು, ಅದರ ಆಚೆ ನಮ್ಮ ಮೇಡಂ ಕೂತಿದ್ದಾರೆ, ಜೊತೆಗೆ ಇನ್ನಿಬ್ಬರು. ಆ ಕಡೆಯಿಂದ ಅದು ಬರೀ ಗಾಜು, ನಮ್ಮನ್ನ ನೋಡ್ತಾರೆ, ಈ ಮೈಕಿನಲ್ಲಿ ಮಾತು ಕೇಳಿಸ್ಕೋತಾರೆ. ಅವರನ್ನ ಮರೆತುಬಿಡಿ. ನಿಮ್ಮ ಮುಂದಿರೋ ಚೀಟಿಯಲ್ಲಿ ಏನಿದೆ? ‘ಮನೆಯ ಒಬ್ಬ ಸದಸ್ಯರನ್ನು ಗುಂಪಿನಿಂದ ತೆಗೆಯಿರಿ.’ ಅಷ್ಟೇ. ನಿಮ್ಮದೇ ಫೋನು, ನಿಮ್ಮದೇ ಗುಂಪು. ಮನೆಮಂದಿ ಒಟ್ಟಿಗೆ ನಡೀಲಿ ಅಂತ ಮಾಡಿರೋ ಆ್ಯಪ್ ಇದು, ನಿಮಗೇ ಗೊತ್ತಲ್ಲ. ಎಲ್ಲರೂ ನಡೆದ ದಿನ ಫೋನಲ್ಲಿ ದೀಪ ಹತ್ತುತ್ತೆ, ಒಬ್ಬರು ಕೈಕೊಟ್ರೆ ಎಲ್ಲರ ದೀಪಾನೂ ಆರಿಹೋಗುತ್ತೆ. ನಿಮ್ಮ ಗುಂಪಿನಲ್ಲಿ ಇಬ್ಬರೇ. ಇವರು... ಯಜಮಾನರಾ? ಮೀಸೆ ಚೆನ್ನಾಗಿದೆ. ಸರಿ, ಅವರ ಹೆಸರು ಒತ್ತಿ. ಹಾಂ. ‘ತೆಗೆಯಿರಿ.’ ಹಾಂ, ಒತ್ತಿ.

ಅಲ್ಲಿಗೆ ಬಂದ್ರಾ. ‘ನಿಮ್ಮವರ ಒಪ್ಪಿಗೆಗಾಗಿ ಕಾಯಲಾಗುತ್ತಿದೆ.’ ಆ ಚಕ್ರ ತಿರುಗ್ತಾನೇ ಇರುತ್ತೆ. ಅದು ಹಾಗೇ.

ಹಾಗಂದ್ರೆ... ಅಲ್ಲ, ನಾನು ಹೇಳಬಾರದು. ಹೋಗ್ಲಿ ಬಿಡಿ, ಹೇಳ್ತೀನಿ. ಮನೆಯಲ್ಲಿ ಒಬ್ಬರು ಬಿಟ್ಟುಹೋದ್ರೆ ಮಿಕ್ಕವರೂ ಒಂದು ವಾರದಲ್ಲಿ ಬಿಟ್ಟುಹೋಗ್ತಾರೆ. ಅದಕ್ಕೇ ಒಬ್ಬರನ್ನ ತೆಗೆಯೋಕೆ ಹೋದ್ರೆ ಅವರ ಫೋನಿಗೆ ಹೋಗಿ ಕೇಳುತ್ತೆ, ‘ನಿಮ್ಮವರು ನಿಮ್ಮನ್ನು ಬಿಡಬೇಕೆಂದಿದ್ದಾರೆ, ಸರಿಯೇ?’ ಅಂತ. ಯಾರಾದ್ರೂ ಸರಿ ಅಂತಾರಾ? ಮನೇಲಿ ಜಗಳ ಆಗುತ್ತೆ, ರಾಜಿ ಆಗುತ್ತೆ, ಇಬ್ಬರೂ ಉಳ್ಕೋತಾರೆ! ಎಂಥಾ ತಲೆ ಅಲ್ವಾ... ಏನಿಲ್ಲ, ಮಾಡಿದವರ ತಲೆ ಅಂದೆ.

ಇನ್ನೊಂದು ಸಲ ಒತ್ತಿದ್ರೂ ಅದೇ ಬರುತ್ತೆ ಅಮ್ಮಾ. ಬಿಡಿ. ನಾಲ್ಕು ತಿಂಗಳಿಂದ ತಿರುಗ್ತಿರೋ ಚಕ್ರ, ಇವತ್ತು ನಿಲ್ಲುತ್ತಾ... ಏನು? ಯಾಕೆ ಹಾಗೆ ನೋಡ್ತೀರಿ?

ಹೌದು. ನಾಲ್ಕು ತಿಂಗಳು ಅಂತ ನೀವು ಹೇಳಿಲ್ಲ. ನೀವು ಏನೂ ಹೇಳಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನೀವು ಕಳ್ಳ ಅಂತಾನೂ ಅನ್ನಲಿಲ್ಲ, ನಾನೇ ಮುಟ್ಟಿಕೊಂಡೆ!

ನಿಮ್ಮ ಕಾಗದ ಓದಿದ್ದೀನಿ ಅಮ್ಮಾ. ‘ನನ್ನ ಯಜಮಾನರು ತೀರಿಕೊಂಡಿದ್ದಾರೆ. ದಯವಿಟ್ಟು ಅವರನ್ನು ತೆಗೆಯಿರಿ. ಒಪ್ಪಿಗೆ ಕೇಳುತ್ತಿದ್ದೀರಿ, ನಾನು ಎಲ್ಲಿಂದ ತರಲಿ?’ ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದವರು, ಕೂತೂ ಕೂತೂ ಕಾಲು ಊದ್ತಿತ್ತು, ನಡೀರಿ ಅಂತ ಡಾಕ್ಟ್ರು ಹೇಳಿದ್ರು, ಅದಕ್ಕೇ ಇಬ್ಬರೂ ಸೇರಿದ್ವಿ ಅಂತೆಲ್ಲ ಬರೆದಿದ್ರಿ. ನನಗೆ ಬಾಯಿಪಾಠ ಆಗಿದೆ.

ಅಯ್ಯೋ, ಏನದು ಸದ್ದು? ನಿಮ್ಮ ಫೋನಾ? ಓ... ಆರು ಗಂಟೆ ಆಯ್ತಾ. ಓದಿ, ಓದಿ, ಪರವಾಗಿಲ್ಲ.

ಅವರ ಫೋಟೋ ಪಕ್ಕದಲ್ಲೇ ಬರುತ್ತೆ ಅಲ್ವಾ. ‘ಬರ್ತೀಯಾ? ಕಾಯ್ತಾ ಇದ್ದೀನಿ.’

ಅದನ್ನ ಓದುವಾಗ ನಿಮ್ಮ ಮುಖ ಹೀಗಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ. ನಿಜವಾಗ್ಲೂ ಗೊತ್ತಿರಲಿಲ್ಲ.

ಒಂದು ನಿಮಿಷ. ಈ ಮೈಕು ಆಫ್ ಮಾಡ್ತೀನಿ. ಕನ್ನಡಿ ಆಚೆ ಇರೋರಿಗೆ ಇನ್ನು ನನ್ನ ಬಾಯಿ ಅಲ್ಲಾಡೋದು ಮಾತ್ರ ಕಾಣುತ್ತೆ. ಕಾಣಲಿ.

ನಿಮ್ಮನ್ನ ಹತ್ತು ಹೆಸರಲ್ಲಿ ಚೀಟಿ ಎತ್ತಿ ಕರೆಸಿದ್ದಲ್ಲ, ನಾನೇ ಕರೆಸಿದ್ದು. ಆ ಒಪ್ಪಿಗೆ ನಿಯಮ ಇದೆಯಲ್ಲ, ಅದೂ ನನ್ನದೇ. ನಮ್ಮಕ್ಕ ಒಂದು ಸಲ ಕೇಳಿದ್ಲು, ಅದೇನೋ ನಿನ್ನ ಕೆಲಸ ಅಂತ. ಒಳಗೆ ಬಂದೋರು ಹೊರಗೆ ಹೋಗದ ಹಾಗೆ ನೋಡ್ಕೊಳ್ಳೋದು ಅಂದೆ. ‘ಹಾಗಾದ್ರೆ ಜೈಲರ್ ಅಂತ ಹೇಳು’ ಅಂದ್ಲು. ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ. ಸಾಯೋರೂ ಇರ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ ಅಮ್ಮಾ! ಎಂಟು ಜನ ಕೂತು ಮೂರು ವಾರ ಚರ್ಚೆ ಮಾಡಿದ್ವಿ. ಫೋನ್ ಕಳೆದುಹೋದ್ರೆ ಏನು, ಗಂಡ ಹೆಂಡತಿ ಬೇರೆಯಾದ್ರೆ ಏನು, ಎಲ್ಲ ಬರೆದ್ವಿ. ಸಾಯೋದು ಯಾರ ಪಟ್ಟಿಯಲ್ಲೂ ಇರಲಿಲ್ಲ.

ಕಾಗದ ಬಂದ ದಿನವೇ ತೆಗೀಬಹುದಿತ್ತಲ್ಲ ಅಂತೀರಾ? ತೆಗೀಬಹುದಿತ್ತು. ನನ್ನ ಮೇಜಿನಿಂದ ಎರಡು ನಿಮಿಷದ ಕೆಲಸ.

ಆದ್ರೆ ಅದಕ್ಕೆ ಮುಂಚೆ ಒಂದು ಮೀಟಿಂಗ್ ಆಗಿತ್ತು. ಗೋಡೆ ಮೇಲೆ ದೊಡ್ಡದಾಗಿ ಒಬ್ಬರ ದಿನದಿನದ ನಡಿಗೆಯ ಗೆರೆ ತೋರಿಸಿದ್ದೆ. ಹೆಸರಿಲ್ಲ, ಬರೀ ನಂಬರು. ಸಂಜೆ ಆರಕ್ಕೆ ಮನೆಯವರ ಫೋಟೋ ಹಾಕಿ ಆ್ಯಪ್ ಸಂದೇಶ ಕಳಿಸುತ್ತೆ, ಆರು ಗಂಟೆ ಒಂದು ನಿಮಿಷಕ್ಕೆ ತೆರೀತಾರೆ, ಆರೂಕಾಲಿಗೆ ನಡೀತಿರ್ತಾರೆ. ಒಂದು ದಿನಾನೂ ತಪ್ಪಿಲ್ಲ! ನೋಡಿ, ನಮ್ಮನ್ನ ಇಷ್ಟು ಪ್ರೀತಿಸೋರಿದ್ದಾರೆ ಅಂದೆ. ಚಪ್ಪಾಳೆ ತಟ್ಟಿದ್ರು. ಮೇಡಂ ಬೆನ್ನು ತಟ್ಟಿದ್ರು. ಆಮೇಲೆ ನಿಮ್ಮ ಕಾಗದ ಸಿಕ್ಕಿ, ನಂಬರ್ ಹೊಂದಿಸಿ ನೋಡಿದ್ರೆ... ನೀವು. ಆ ಗೆರೆ ನೀವು.

ಆಗಲೂ ತೆಗೀಲಿಲ್ಲ. ನಮ್ಮಲ್ಲಿ ಒಂದು ಮಾತಿದೆ – ಜನರ ಬಾಯಿ ನಂಬಬೇಡ, ಬೆರಳು ನಂಬು. ನಿಮ್ಮ ಬಾಯಿ ‘ಅವರನ್ನ ತೆಗೀರಿ’ ಅಂತು, ಬೆರಳು ಮಾರನೇ ದಿನ ಆರೂ ಒಂದಕ್ಕೆ ಮತ್ತೆ ತೆರೀತು. ಅದರ ಮಾರನೇ ದಿನಾನೂ. ನೋಡು, ಅವರಿಗೇ ಬೇಕು ಅಂದ್ಕೊಂಡೆ. ಅಂದ್ಕೊಂಡು ನಿದ್ದೆ ಮಾಡಿದೆ. ಥೂ.

ಕಡೆಗೆ ತಡೆಯೋಕಾಗದೆ, ಆ ನಿಯಮಾನೇ ಕಿತ್ತುಹಾಕೋಣ ಅಂತ ಹೋದೆ. ಈಗ ಅದನ್ನ ಕಿತ್ತುಹಾಕೋಕೆ ಏಳು ಜನರ ಒಪ್ಪಿಗೆ ಬೇಕಂತೆ! ನಗಬೇಡಿ... ನಗಿ, ನಗಿ, ನಾನೇ ತೋಡಿದ ಹಳ್ಳ. ಅದಕ್ಕೇ ಇವತ್ತಿನ ಏರ್ಪಾಡು. ಮೇಡಂ ಕಣ್ಣಾರೆ ನೋಡಲಿ, ಒಬ್ಬ ಹೆಂಗಸು ಗಂಡನ ಹೆಸರು ತೆಗೆಯೋಕಾಗದೆ ಒದ್ದಾಡೋದನ್ನ ನೋಡಲಿ ಅಂತ. ನಿಮ್ಮನ್ನ ಒದ್ದಾಡಿಸೋಕೆ ಕರೆಸಿದೆ ಅಂತ ಆಯ್ತು, ಅಲ್ವಾ? ಎಲ್ಲಿ ಕಾಲಿಟ್ರೂ ಕೆಸರೇ.

ಸರಿ, ಸಾಕು. ಕೊಡಿ ಇಲ್ಲಿ ಫೋನು. ಇವತ್ತಿಗೆ ಅಂತ, ಮೇಡಂಗೆ ಹೇಳಿಯೇ, ಒಂದು ಬೇರೆ ದಾರಿ ಇಟ್ಟಿದ್ದೀನಿ... ಇಲ್ಲಿ... ಹಾಂ. ಇದು ಕೆಂಪು ಬಟನ್. ಇದಕ್ಕೆ ಯಾರ ಒಪ್ಪಿಗೆನೂ ಬೇಡ, ಪ್ರಶ್ನೆ ಕೇಳಲ್ಲ. ಒಂದು ಸಲ ಒತ್ತಿದ್ರೆ ಹೆಸರು ಹೋಗುತ್ತೆ, ಸಂದೇಶ ನಿಲ್ಲುತ್ತೆ. ತೊಗೊಳ್ಳಿ. ಒತ್ತಿ.

ಒತ್ತಿ ಅಮ್ಮಾ.

ಕಾಣಿಸ್ತಿಲ್ವಾ? ಕನ್ನಡಕ ಒರೆಸ್ಕೊಳ್ಳಿ. ಅಲ್ಲೇ ಇದೆ, ಹೆಬ್ಬೆರಳಿನ ಕೆಳಗೆ... ಯಾಕೆ ಕೈ ಹಿಂದಕ್ಕೆ ತೊಗೊಂಡ್ರಿ? ತೆಗೀರಿ ಅಂತ ಬರೆದೋರು ನೀವೇ ತಾನೇ? ಎರಡು ಬಸ್ಸು ಬದಲಾಯಿಸಿ ಇದಕ್ಕೋಸ್ಕರ ತಾನೇ ಬಂದಿದ್ದು?

ಆಚೆ ಅವರು ಗಡಿಯಾರ ನೋಡ್ತಿರ್ತಾರೆ. ನೀವು ಒತ್ತದೇ ಎದ್ದುಹೋದ್ರೆ ಏನು ಬರ್ಕೋತಾರೆ ಗೊತ್ತಾ? ‘ಬಾಗಿಲು ತೆರೆದಿಟ್ಟರೂ ಹೋಗಲಿಲ್ಲ.’ ನಾಳೆಯಿಂದ ಆ ನಿಯಮ ಕಲ್ಲಿನ ಮೇಲೆ ಕೆತ್ತಿದ ಹಾಗೆ. ನಿಮ್ಮಂಥೋರು ಇನ್ನೆಷ್ಟು ಜನ ಇದ್ದಾರೋ... ಅದೂ ಬೇಡ ಬಿಡಿ, ಅವರ ಮಾತು ಬೇಡ. ನಿಮಗೋಸ್ಕರ ಒತ್ತಿ. ದಮ್ಮಯ್ಯ ಅಂತೀನಿ.

ಏನಾದ್ರೂ ಹೇಳಿ ಅಮ್ಮಾ!

ಅವರನ್ನ ಬಿಟ್ಟುಹೋದ ಹಾಗಾಗುತ್ತೆ ಅಂತಾನಾ? ಅವರು ಕಾಯ್ತಿರ್ತಾರೆ ಅಂತಾನಾ?

ಅಲ್ಲಿ ಯಾರೂ ಕಾಯ್ತಾ ಇಲ್ಲಮ್ಮಾ. ಅದು ನಾನು. ಒಂದು ಮಧ್ಯಾಹ್ನ ಊಟ ಮುಗಿಸಿ, ಡಬ್ಬಿ ಪಕ್ಕಕ್ಕೆ ತಳ್ಳಿ, ಹತ್ತು ನಿಮಿಷದಲ್ಲಿ ಆ ಸಾಲು ಬರೆದೆ. ಕೈ ಕೂಡ ತೊಳೆದಿರಲಿಲ್ಲ. ಒಟ್ಟು ಹನ್ನೊಂದು ಬರೆದಿದ್ದೆ, ಅದರಲ್ಲಿ ಇದಕ್ಕೇ ಜನ ಜಾಸ್ತಿ ಎದ್ದುಬಂದ್ರು, ಇದನ್ನೇ ಇಟ್ಟೆ. ನಿಮ್ಮ ಯಜಮಾನರ ಬಾಯಲ್ಲಿ ದಿನಾ ನಿಮ್ಮನ್ನ ಕರೀತಿದ್ದೋನು ನಾನು. ಅವರ ಮಾತು ಅದರಲ್ಲಿ ಒಂದೂ ಇಲ್ಲ.

ಯಾಕೆ ತಲೆ ಆಡಿಸ್ತೀರಿ?

ಅದು ಅವರ ಮಾತಲ್ಲ ಅಂತ ಗೊತ್ತಿತ್ತಾ?... ಮೊದಲಿಂದಲೂ?

ಗೊತ್ತಿದ್ದೂ ದಿನಾ ಚಪ್ಪಲಿ ಮೆಟ್ಟಿಕೊಂಡು ಹೊರಡ್ತಿದ್ರಾ?